ಗುರುವಾರ ಮಾತ್ರ ಸಿಗುವ ಆಪ್ತಸಮಾಲೋಚನೆ: ಪೋಷಕರೊಬ್ಬರ ವಿಮರ್ಶೆ

ಚಿಕ್ಕಮಗಳೂರಿನ ಹೊರವಲಯದ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಪ್ರತಿ ಗುರುವಾರ ಬರುವ ಆಪ್ತಸಮಾಲೋಚಕಿಯವರ ಸೇವೆಯನ್ನು ನನ್ನ ಮಗಳು ಒಂದು ವರ್ಷದಿಂದ ಪಡೆಯುತ್ತಿದ್ದಾಳೆ. ಮಕ್ಕಳನ್ನು ಮಾತನಾಡಿಸುವ ರೀತಿಗೆ ಪೂರ್ಣ ಅಂಕ ಕೊಡುತ್ತೇನೆ. ಗಣಿತದ ಕಿರುಪರೀಕ್ಷೆ ಎಂದರೆ ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದವಳಿಗೆ ಅವರು ಉಪದೇಶ ಮಾಡಲಿಲ್ಲ. ಭಯವಾದಾಗ ಮೈಯಲ್ಲಿ ಏನೇನಾಗುತ್ತದೆ ಎಂಬುದನ್ನು ಅವಳ ಕೈಯಿಂದಲೇ ಬರೆಸಿದರು. ಸ್ಥಳದ ವಿಚಾರದಲ್ಲಿ ಮಾತ್ರ ಹೊಗಳುವಂಥದ್ದೇನೂ ಇಲ್ಲ. ಆಟದ ಸಾಮಾನಿನ ಕೊಠಡಿಯಲ್ಲಿ ವಾಲಿಬಾಲ್ ಬಲೆಯ ಪಕ್ಕ ಎರಡು ಕುರ್ಚಿ, ಚಿಲಕವಿಲ್ಲದ ಬಾಗಿಲು.

ಅವರ ಸಂಭಾವನೆ ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಬರುತ್ತದೆ; ಕಾಫಿ ಬೆಲೆ ಕುಸಿದರೆ ಅದೂ ಅನುಮಾನವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು, 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರನ್ನು ಹೆಸರಿಸುತ್ತದೆಯೇ ಹೊರತು ಸಮಾಲೋಚಕರನ್ನಲ್ಲ. ಕಾಯ್ದೆಯಲ್ಲಿ ಹೆಸರಿಲ್ಲದ ಹುದ್ದೆಗೆ ಬಜೆಟ್‌ನಲ್ಲಿ ಹಣ ಕೇಳುವುದು ಕಷ್ಟ. ಅಮೆರಿಕದ ಶಾಲಾ ಸಮಾಲೋಚಕರ ಸಂಘವು 250 ಮಕ್ಕಳಿಗೆ ಒಬ್ಬರಿರಬೇಕೆಂದು ಶಿಫಾರಸು ಮಾಡಿ, ಆ ಸಂಖ್ಯೆಯನ್ನೇ ಹಿಡಿದು ಶಾಸನಸಭೆಗಳ ಬಾಗಿಲು ತಟ್ಟುತ್ತದೆ. ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ (ಎಸ್‌ಡಿಎಂಸಿ) ಶಾಸಕರಿಗೆ ಹೋದ ಮನವಿಯಲ್ಲಿ ಕಾಂಪೌಂಡು, ಶೌಚಾಲಯಗಳ ನಂತರ ಸಮಾಲೋಚಕರ ಹುದ್ದೆ ಏಳನೆಯ ಸಾಲಿನಲ್ಲಿತ್ತು. ಬರೆದವರಲ್ಲಿ ನಾನೂ ಒಬ್ಬನೆಂಬುದು ನಾಚಿಕೆಯ ಸಂಗತಿ.

ಉಳಿದ ದಿನಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಇದೆ. ಉಚಿತ, ಹಗಲೂ ರಾತ್ರಿಯೂ ಲಭ್ಯ. ಆದರೆ ಮನೆಯಲ್ಲಿರುವ ಒಂದೇ ಫೋನು ನನ್ನ ಜೇಬಿನಲ್ಲಿರುತ್ತದೆ.