ಪದವಿನ ಮೇಲೆ ಜಿಪಿಎಸ್ ಗೆರೆ ನಂಬಿ ನಡೆಯಬೇಡಿ, ಕೋರೆಗಳಿವೆ

ಕಾಸರಗೋಡು ಜಿಲ್ಲೆಯ ಪೈವಳಿಕೆ, ಬಾಯಾರು, ಎಣ್ಮಕಜೆ ಕಡೆಯ ಗುಡ್ಡೆಗಳಲ್ಲಿ ಚಾರಣ ಮಾಡುವವರು, ಅದರಲ್ಲೂ ಯಾರೋ ಕಳುಹಿಸಿದ ಜಿಪಿಎಕ್ಸ್ ಫೈಲ್ (ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ತೋರಿಸುವ ಫೈಲ್) ಹಾಕಿಕೊಂಡು ಹೊರಡುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದ ಕೊನೆಗೆ ನಮ್ಮ ಜೊತೆಗಿದ್ದ ಗೆಳೆಯನೊಬ್ಬ ಮುರಕಲ್ಲಿನ ಕೋರೆಗೆ, ಅಂದರೆ ಕಲ್ಲು ಕೊಯ್ದು ತೆಗೆದ ಹೊಂಡಕ್ಕೆ, ಬಿದ್ದ. ಕಾಲಿನ ಮೂಳೆ ಮುರಿಯಿತು. ಕಲ್ಲು ಕತ್ತರಿಸಿ ಬಿಟ್ಟ ಮೊದಲ ಮೆಟ್ಟಿಲ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು. ಅದರ ಆಚೆ ಕೆಂಪು ನೀರು ತುಂಬಿತ್ತು, ಆಳ ಎಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ.

ಅದು ದುಡ್ಡು ಕೊಟ್ಟು ಸೇರಿದ ಚಾರಣ. ನಡೆಸಿದವರ ಹೆಸರು ಇಲ್ಲಿ ಹಾಕುವುದಿಲ್ಲ. ಪೊಸಡಿ ಗುಂಪೆ ಹತ್ತಿ ಇಳಿಯುವುದು, ಆಮೇಲೆ ಪದವು (ಗುಡ್ಡೆಯ ಮೇಲಿನ ಹುಲ್ಲಿನ ಬಯಲು) ದಾಟಿ ಆಚೆ ಬದಿಯ ರಸ್ತೆ ಸೇರುವುದು, ಇದು ಯೋಜನೆ. ಗುಂಪೆಯಲ್ಲಿ ಏನೂ ತೊಂದರೆ ಆಗಲಿಲ್ಲ. ಸಾವಿರ ಅಡಿಗಿಂತ ಸ್ವಲ್ಪ ಎತ್ತರದ ಗುಡ್ಡೆ, ದಾರಿ ಸ್ಪಷ್ಟ. ಮೋಡ ಇಲ್ಲದ ದಿನ ಮೇಲಿನಿಂದ ಪಶ್ಚಿಮಕ್ಕೆ ಕಡಲು ಕಾಣುತ್ತದೆ. ಕಷ್ಟ ಶುರುವಾದದ್ದು ಅದಾದ ಮೇಲೆ.

ಹಿಂದಿನ ದಿನವೇ ಚಾರಣ ನಡೆಸಿದವರು ಎಲ್ಲರಿಗೂ ಒಂದು ಜಿಪಿಎಕ್ಸ್ ಫೈಲ್ ಕಳುಹಿಸಿದ್ದರು. "ನಾನೇ ಎಷ್ಟೋ ಸಲ ನಡೆದ ದಾರಿ, ಗೆರೆ ಬಿಡಬೇಡಿ" ಅಂತ ಧ್ವನಿ ಸಂದೇಶವೂ ಇತ್ತು. ಹೆಚ್ಚಿನವರು ಫೋನಿಗೆ ಹಾಕಿಕೊಂಡರು. ನಾನು ಹ್ಯಾಂಡ್‌ಹೆಲ್ಡ್ ಜಿಪಿಎಸ್‌ಗೆ ಹಾಕಿದೆ. ಮಳೆಗಾಲದ ಗುಡ್ಡೆಗೆ ನನಗೆ ಅದೇ ಇಷ್ಟ. ಎರಡು ಎಎ ಸೆಲ್ ಹಾಕಿದರೆ ದಿನವಿಡೀ ಸಾಕು. ಬಟನ್ ಇರುವುದರಿಂದ ಕೈ ಒದ್ದೆಯಾದರೂ ಕೆಲಸ ಮಾಡುತ್ತದೆ. ಫೋನಿನ ಸ್ಕ್ರೀನ್ ಮೇಲೆ ನಾಲ್ಕು ಹನಿ ಬಿದ್ದರೆ ಬೆರಳು ಎಲ್ಲಿ ಒತ್ತಿದರೂ ಇನ್ನೇನೋ ತೆರೆದುಕೊಳ್ಳುತ್ತದೆ, ಅಲ್ವಾ?

ಸಂಜೆ ಪದವಿಗೆ ಬಂದಾಗ ಜಿರಿಜಿರಿ ಮಳೆ, ಜೊತೆಗೆ ಮಂಜು. ಮುಳಿಹುಲ್ಲು ಮೊಣಕಾಲಿಗಿಂತ ಮೇಲೆ ಬೆಳೆದಿತ್ತು. ಕಾಲುದಾರಿ ಎಡಕ್ಕೆ ತಿರುಗಿ ಇಳಿಯುತ್ತಿತ್ತು, ಗೆರೆ ಮಾತ್ರ ನೇರ ಹೋಗಿತ್ತು. "ದಾರಿ ಎಡಕ್ಕೆ ಉಂಟಲ್ಲ" ಅಂತ ನಾನೂ ಇನ್ನಿಬ್ಬರೂ ಕೇಳಿದೆವು. "ಅದು ದನ ಹೋಗುವ ದಾರಿ, ಗೆರೆ ನೋಡಿ" ಅಂದರು. ಹುಲ್ಲಿನಲ್ಲಿ ಸ್ವಲ್ಪ ದೂರ ಹೋಗಿದ್ದೆವು, ಅಷ್ಟೇ. ಮುಂದಿದ್ದವನು ಕಾಣೆಯಾದ. ಕೂಗು ಕೇಳಿತು, ಕಲ್ಲುಪುಡಿ ಜಾರುವ ಸದ್ದು ಕೇಳಿತು.

ಕೋರೆ ನೋಡಿದವರಿಗೆ ಗೊತ್ತು. ಯಂತ್ರದಲ್ಲಿ ಕಲ್ಲು ಕೊಯ್ದು ತೆಗೆದ ಮೇಲೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಇಳಿಜಾರು ಇಲ್ಲ, ಮುನ್ಸೂಚನೆ ಇಲ್ಲ. ಕೆಲಸ ನಿಂತ ಕೋರೆಗೆ ಬೇಲಿ ಕಾಣುವುದೂ ಅಪರೂಪ. ಅಂಚಿನಲ್ಲಿ ಹುಲ್ಲು ಬೆಳೆದು ಬಾಗಿದರೆ ಎರಡು ಮಾರು ದೂರದಿಂದಲೂ ಗೊತ್ತಾಗುವುದಿಲ್ಲ. ದನ, ಮಕ್ಕಳು ಬಿದ್ದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಇದರ ಜೊತೆ ನಮ್ಮ ಕಡೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳೂ ಇವೆ. ಉದ್ದದ ಕೆಲವು ಸುರಂಗಗಳಿಗೆ ಗಾಳಿಗೆಂದು ಮೇಲಿನಿಂದ ಕಂಡಿ ತೋಡಿರುತ್ತಾರೆ. ಹುಲ್ಲು ಮುಚ್ಚಿದರೆ ಅದೂ ಕಾಣುವುದಿಲ್ಲ. ಇವು ಯಾವುವೂ ಫೋನಿನ ನಕ್ಷೆಯಲ್ಲಿ ಸಿಗುತ್ತವೆ ಅಂತ ನಂಬಬೇಡಿ.

ಆಮೇಲೆ ಇನ್ನೊಂದು ಪಾಡು. ಊರಿನ ಪರಿಚಯದವರಿಗೆ ಫೋನ್ ಮಾಡಿ ಜೀಪು ಕಳುಹಿಸಲು ಹೇಳಿದೆವು. ನಡೆಸಿದವರು ತಮ್ಮ ಸ್ಕ್ರೀನ್ ನೋಡಿ ಅಂಕಿ ಓದಿದರು. ಅದು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿತ್ತು. ಆ ಕಡೆಯವರು ಡಿಗ್ರಿ, ನಿಮಿಷ, ಸೆಕೆಂಡ್ ಅಂತ ಬರೆದುಕೊಂಡರು. ಉದಾಹರಣೆಗೆ 12 ಡಿಗ್ರಿ 41.50 ನಿಮಿಷ ಅಂದರೆ 41 ನಿಮಿಷ 30 ಸೆಕೆಂಡ್. ಅದನ್ನು 41 ನಿಮಿಷ 50 ಸೆಕೆಂಡ್ ಅಂತ ಬರೆದರೆ ಉತ್ತರಕ್ಕೆ 600 ಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ಜೀಪು ಗುಡ್ಡೆಯ ಆಚೆ ಬದಿಗೆ ಹೋಗಿ ನಿಂತಿತು. ಯಾರಿಗಾದರೂ ಜಾಗ ಹೇಳುವಾಗ "ಪಾಯಿಂಟ್" ಎಲ್ಲಿ ಬರುತ್ತದೆ ಅಂತ ಬಾಯಿಬಿಟ್ಟು ಹೇಳಿ, ಅವರಿಂದ ತಿರುಗಿ ಓದಿಸಿ. ಹತ್ತಿರದ ಮನೆ, ಭಜನಾ ಮಂದಿರ, ಅಂಗನವಾಡಿ ಯಾವುದು ಅಂತಲೂ ಹೇಳಿ.

ನಮ್ಮನ್ನು ಕಾಪಾಡಿದ್ದು ಕೆಳಗಿನ ತೋಟದ ಹಿರಿಯರೊಬ್ಬರು. ಕೂಗು ಕೇಳಿ ಟಾರ್ಚು ಹಿಡಿದು ಬಂದರು, ಜೊತೆಗೆ ಮಗನನ್ನೂ ಕರೆತಂದರು. "ಎಂತ ಮಾರಾಯ್ರೆ, ಈ ಕಡೆ ಯಾರು ಬರ್ಲಿಕ್ಕೆ ಹೇಳಿದ್ದು? ಇಲ್ಲಿ ದಾರಿಯೇ ಇಲ್ಲ" ಅಂದರು. ಗೆಳೆಯನನ್ನು ಮೇಲೆತ್ತಿ, ಕಾಲಿಗೆ ಅಡಿಕೆ ಸಲಾಕೆ ಕಟ್ಟಿ, ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಇಳಿದೆವು. ತಡಮೆ ದಾಟಿ, ತೋಡಿನ ಸಂಕ ದಾಟಿ ರಸ್ತೆ. ಅವರು ಕರೆದುಕೊಂಡು ಹೋದದ್ದು ಅದೇ ಎಡಕ್ಕೆ ತಿರುಗಿದ ದಾರಿಯಲ್ಲಿ.

ಮನೆಗೆ ಬಂದು ಆ ಫೈಲನ್ನು ತೆರೆದು ನೋಡಿದೆ. ಜಿಪಿಎಕ್ಸ್ ಅಂದರೆ ಬರೀ ಅಕ್ಷರದ ಫೈಲ್, ನೋಟ್‌ಪ್ಯಾಡ್‌ನಲ್ಲೂ ಓದಬಹುದು. ನಡೆದು ರೆಕಾರ್ಡ್ ಮಾಡಿದ್ದಾದರೆ ಸಾಮಾನ್ಯವಾಗಿ ಪ್ರತಿ ಬಿಂದುವಿನ ಜೊತೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಇರುತ್ತದೆ. ಸಮಯ ಯುಟಿಸಿಯಲ್ಲಿ ಇರುತ್ತದೆ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಈ ಫೈಲಿನಲ್ಲಿ ಒಂದು ಬಿಂದುವಿಗೂ ಸಮಯ ಇರಲಿಲ್ಲ. ಕೆಲವು ಆ್ಯಪ್‌ಗಳು ಸಮಯವನ್ನು ಅಳಿಸಿ ಕೊಡುವುದುಂಟು, ಅದೊಂದೇ ಪುರಾವೆ ಸಾಲದು. ಹಾಗಾಗಿ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ. ಮನುಷ್ಯ ನಡೆದ ಗೆರೆ ಸ್ವಲ್ಪ ಅಲುಗಾಡುತ್ತದೆ. ನೀರು ಕುಡಿಯಲು ನಿಂತಲ್ಲಿ ಬಿಂದುಗಳು ಗುಂಪಾಗಿ ಬೀಳುತ್ತವೆ. ಇದರಲ್ಲಿ ಪದವಿನ ಆ ಬದಿಯಿಂದ ಈ ಬದಿಗೆ ಕೇವಲ ಎರಡು ಬಿಂದು, ನಡುವೆ ಸ್ಕೇಲ್ ಇಟ್ಟು ಎಳೆದಂಥ ಗೆರೆ. ಕಂಪ್ಯೂಟರ್ ಮುಂದೆ ಕೂತು ಉಪಗ್ರಹ ಚಿತ್ರದ ಮೇಲೆ ಎಳೆದದ್ದು. ಚಿತ್ರ ತೆಗೆದಾಗ ಅಲ್ಲಿ ಬರೀ ಹುಲ್ಲು, ಕೋರೆ ಅಗೆದದ್ದು ಆಮೇಲೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ದಿನಾಂಕದ ಪ್ರಕಾರ ನೋಡಬಹುದು. ಹೊರಡುವ ಮೊದಲು ಅದನ್ನೊಮ್ಮೆ ನೋಡಿದರೆ ಯಾವ ಗುಡ್ಡೆಯಲ್ಲಿ ಕೋರೆ ಬೆಳೆಯುತ್ತಿದೆ ಅಂತ ತಿಳಿಯುತ್ತದೆ.

ಸಾಧನದ ತಪ್ಪು ಇದರಲ್ಲಿ ಇಲ್ಲ. ತೆರೆದ ಆಕಾಶದ ಕೆಳಗೆ ಒಳ್ಳೆಯ ಹ್ಯಾಂಡ್‌ಹೆಲ್ಡ್ ಕೆಲವೇ ಮೀಟರ್‌ಗಳ ಒಳಗೆ ಜಾಗ ಹೇಳುತ್ತದೆ. ಆ ಸಂಜೆಯೂ ಸರಿಯಾಗಿಯೇ ಹೇಳಿತು. ನಾವು ಇದ್ದದ್ದು ಗೆರೆಯ ಮೇಲೆಯೇ. ನೀವು ಎಲ್ಲಿದ್ದೀರಿ ಅಂತ ಅದು ಹೇಳುತ್ತದೆ, ಮುಂದಿನ ಹೆಜ್ಜೆಯ ಕೆಳಗೆ ನೆಲ ಉಂಟೋ ಇಲ್ಲವೋ ಅಂತ ಹೇಳುವುದಿಲ್ಲ.

ನಡೆಸಿದವರನ್ನು ಕೇಳಿದಾಗ "ಫೈಲ್ ನನಗೆ ಇನ್ನೊಬ್ಬರು ಕೊಟ್ಟದ್ದು" ಅಂದರು. ಆಸ್ಪತ್ರೆಗೆ ಒಮ್ಮೆಯೂ ಬರಲಿಲ್ಲ. ನನಗೆ ಸಿಟ್ಟು ಬಂದಿರುವುದು ಅದಕ್ಕಿಂತ ಜಾಸ್ತಿ ಇನ್ನೊಂದು ವಿಷಯಕ್ಕೆ. ಈಗ ಅವರು ರಾಣಿಪುರಂಗೆ ಜನ ಸೇರಿಸುತ್ತಿದ್ದಾರೆ, ಬೆಟ್ಟದ ಆಚೆ ಕೊಡಗಿನ ಕಡೆಗೆ ಗೆರೆ ಎಳೆದು "ಯಾರೂ ಹೋಗದ ದಾರಿ" ಅನ್ನುತ್ತಿದ್ದಾರೆ. ರಾಣಿಪುರಂನಲ್ಲಿ ಅರಣ್ಯ ಇಲಾಖೆ ಟಿಕೆಟ್ ಕೊಟ್ಟು ಬಿಡುವ ದಾರಿ ಇದೆ, ಅದು ಚೆನ್ನಾಗಿಯೂ ಇದೆ. ಗಡಿಯಾಚೆ ತಲಕಾವೇರಿ ವನ್ಯಧಾಮದ ಕಾಡು. ಆನೆ ಓಡಾಡುವ ಜಾಗ. ಅನುಮತಿ ಇಲ್ಲದೆ ಒಳಗೆ ಹೋದರೆ ಕೇಸು ಬೀಳುವುದು ನಿಮ್ಮ ಮೇಲೆ.

ಪೊಸಡಿ ಗುಂಪೆಯಿಂದ ಪದವು ದಾಟುವ ಫೈಲ್ ನಿಮ್ಮ ಬಳಿ ಇದ್ದರೆ, ಅದರಲ್ಲಿ ಪದವಿನ ಮೇಲೆ ಉದ್ದಕ್ಕೂ ನೇರ ಗೆರೆ ಕಂಡರೆ, ಅಳಿಸಿ. ಕೊಟ್ಟವರಿಗೂ ತಿಳಿಸಿ. ತೋಟದ ಹಿರಿಯರ ಮಗನ ಜೊತೆ ಬಿಸಿಲಿನ ದಿನ ಹೋಗಿ ಎಡದ ದಾರಿಯನ್ನು ನಡೆದು ರೆಕಾರ್ಡ್ ಮಾಡಿದ್ದೇನೆ, ನಮಗೆ ಕಂಡ ಕೋರೆಗಳ ಅಂಚನ್ನೂ ಗುರುತು ಹಾಕಿದ್ದೇನೆ. ಬೇಕಿದ್ದವರು ಕೇಳಿ, ಕಳುಹಿಸುತ್ತೇನೆ. ಅದರಲ್ಲಿ ದಿನಾಂಕ ಇದೆ. ಆ ದಿನಾಂಕದ ನಂತರ ಹೊಸ ಕೋರೆ ತೆರೆದಿರಬಹುದು, ಹಾಗಾಗಿ ಹತ್ತುವ ಮೊದಲು ಕೆಳಗಿನ ಮನೆಯವರಲ್ಲಿ ಒಂದು ಮಾತು ಕೇಳಿ ಹೋಗಿ.