ಡಬ್ಬಿಗೆ ಪೂರ್ತಿ ಅಂಕ, ಲೀವರ್‌ಗೆ ಸೊನ್ನೆ: ಒಂದು ಅಗ್ಗದ ಆರ್ಕೇಡ್ ಸ್ಟಿಕ್

ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ. ಇದೇ ಕಪ್ಪು ಡಬ್ಬಿ ಆನ್‌ಲೈನ್‌ನಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಮೇಲಿನ ಸ್ಟಿಕ್ಕರ್ ಮಾತ್ರ ಬದಲು. ಪಾರ್ಲರ್ ಮಿಷನ್ನಿನ ಹಾಗೆ ಮನೆಯಲ್ಲಿ ಗೇಮ್ ಆಡಲು ಒಂದು ಲೀವರ್, ಎಂಟು ಬಟನ್, ಒಂದು ಯುಎಸ್‌ಬಿ ವೈರ್. ಉಳಿದದ್ದನ್ನೆಲ್ಲ ಮಾರುವವರೇ ದಪ್ಪಕ್ಷರದಲ್ಲಿ ಹಾಕಿರುತ್ತಾರೆ, ಅಲ್ಲೇ ಓದಿಕೊಳ್ಳಿ. ಅವರು ಹಾಕದೇ ಇರುವ ವಿಷಯ ಒಂದಿದೆ: ಇದರಲ್ಲಿ ಮುಸ್ತಫಾ ಓಡುವುದಿಲ್ಲ.

ಮುಸ್ತಫಾ ಯಾರು ಅಂತ ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಪಾರ್ಲರ್‌ಗೆ ಹೋದವರಿಗೆ ಹೇಳಬೇಕಾಗಿಲ್ಲ. 1993ರಲ್ಲಿ ಕ್ಯಾಪ್‌ಕಾಮ್ ತಂದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ನಮ್ಮ ಕಡೆ ಬರೀ ಮುಸ್ತಫಾ ಗೇಮ್. ನಾಲ್ಕು ಜನರಲ್ಲಿ ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಆದರೂ ಜಗಳ ಆಗುತ್ತಿದ್ದದ್ದು ಮುಸ್ತಫಾನಿಗೇ. ಕಾರಣ ಅವನ ಓಡಿ ಬಂದು ಒದೆಯುವ ಒದೆ. ಲೀವರನ್ನು ಮುಂದಕ್ಕೆ ಟಕ್ ಟಕ್ ಅಂತ ಎರಡು ಸಲ ತಳ್ಳಬೇಕು, ಅವನು ಓಡುತ್ತಾನೆ, ಆಗ ಬಟನ್ ಒತ್ತಬೇಕು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಹಳೇ ಗೇಮ್ ಆಡಿಸುವ ರೆಟ್ರೋಪೈ ಸಾಫ್ಟ್‌ವೇರ್ ಹಾಕಿ ಟಿವಿಗೆ ಸಿಕ್ಕಿಸಿದ್ದು, ಈ ಸ್ಟಿಕ್ ತರಿಸಿದ್ದು, ಎಲ್ಲ ಆ ಒಂದು ಒದೆಗಾಗಿ.

ಮೊದಲ ಕೆಲವು ತಿಂಗಳು ದೂರಲು ಏನೂ ಇರಲಿಲ್ಲ. ಆಮೇಲೆ ನಿಧಾನಕ್ಕೆ ಹಾಳಾಯಿತು. ಎರಡು ಸಲ ತಳ್ಳಿದರೆ ಒಂದೇ ಸಲ ಲೆಕ್ಕಕ್ಕೆ. ಮುಸ್ತಫಾ ಆರಾಮಾಗಿ ನಡೆದುಕೊಂಡು ಹೋಗಿ ಏಟು ತಿನ್ನುತ್ತಿದ್ದ. 'ಸ್ಟ್ರೀಟ್ ಫೈಟರ್ 2' ಹಾಕಿದರೆ ಇನ್ನೂ ಕಷ್ಟ. ಕೆಳಗಿನಿಂದ ಮುಂದಕ್ಕೆ ಕಾಲು ಸುತ್ತು ತಿರುಗಿಸಿ ಗುದ್ದಿದರೂ ಹಡೂಕೆನ್, ಅಂದರೆ ಕೈಯಿಂದ ಹಾರುವ ಶಕ್ತಿಯ ಉಂಡೆ, ಬರುವುದಿಲ್ಲ, ಅದರಲ್ಲಿನ ಫೈಟರ್ ರ್ಯೂ ಸುಮ್ನೆ ಗಾಳಿಗೆ ಗುದ್ದುತ್ತಾನೆ. ನಿಮಗೆ ವಯಸ್ಸಾಯ್ತು ಅಂತ ಮಗಳ ತೀರ್ಪು.

ವಯಸ್ಸಾಗಿದ್ದು ಲೀವರ್‌ಗೆ. ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ ನೋಡಿದೆ. ಇಂಥ ಲೀವರ್ ಕೆಳಗೆ ನಾಲ್ಕು ಮೈಕ್ರೋಸ್ವಿಚ್ ಇರುತ್ತವೆ, ದಿಕ್ಕಿಗೆ ಒಂದು. ಮೂಲೆಗೆ ತಳ್ಳಿದಾಗ ಅಕ್ಕಪಕ್ಕದ ಎರಡೂ ಒಟ್ಟಿಗೆ ಒತ್ತಬೇಕು. ನನ್ನದರಲ್ಲಿ ಒಂದು ಮೂಲೆಯಲ್ಲಿ ಒಂದು ಸ್ವಿಚ್ ಮಾತ್ರ ಬೀಪ್ ಅನ್ನುತ್ತಿತ್ತು. ಸ್ವಿಚ್ ಒತ್ತುವುದು ಕಂಬಿಯ ಕೆಳತುದಿಯ ಆಕ್ಚುಯೇಟರ್, ಅಂದರೆ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಕೊಳವೆ. ಅದು ಸವೆದು ಸಣ್ಣಗಾಗಿತ್ತು. ಅಷ್ಟೇ ರೋಗ. ಜೊತೆಗೆ ಸ್ಪ್ರಿಂಗ್ ಸಡಿಲ, ಕೈ ಬಿಟ್ಟರೆ ಲೀವರ್ ನಡುವೆ ನಿಲ್ಲದೆ ತೂಗಾಡುತ್ತಿತ್ತು. ಆಕ್ಚುಯೇಟರ್ ಮೇಲೆ ಒಂದು ತುಂಡು ಹೀಟ್ ಶ್ರಿಂಕ್ ಟ್ಯೂಬ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ, ಹಾಕಿ ಬಿಸಿ ಮಾಡಿ ಅದನ್ನು ದಪ್ಪ ಮಾಡಿದೆ. ಮುಸ್ತಫಾ ಮತ್ತೆ ಓಡಿದ. ಖರ್ಚು ಲೆಕ್ಕಕ್ಕೇ ಬರಲ್ಲ. ಆದರೆ ಟ್ಯೂಬ್ ಕೆಲವೇ ವಾರದಲ್ಲಿ ಹರಿಯಿತು, ಮತ್ತೆ ಹಾಕಿದರೆ ಮತ್ತೆ ಹರಿಯಿತು. ಬಿಡಿ ಭಾಗ ಸಿಗುತ್ತದಾ ಅಂತ ಮಾರಿದವರಿಗೆ ಬರೆದೆ. ಉತ್ತರ ಬರಲಿಲ್ಲ.

ಇಲ್ಲಿಯವರೆಗೆ ಓದಿ ಇದನ್ನು ಕೊಳ್ಳಲೇಬಾರದು ಅಂದುಕೊಂಡಿದ್ದರೆ ಸ್ವಲ್ಪ ತಾಳಿ. ಬೈಯುತ್ತಲೇ ತಳ ಬಿಚ್ಚಿದ ನನಗೆ ಒಳಗೆ ನೋಡಿ ಕೋಪ ಅರ್ಧ ಇಳಿಯಿತು. ಧಾರಾಳ ಜಾಗ. ಯಾವ ಬಟನ್ ವೈರನ್ನೂ ಬೆಸುಗೆ ಹಾಕಿಲ್ಲ, ಎಲ್ಲ ಎಳೆದರೆ ಬರುವ ಪಿನ್. ಲೀವರ್ ಕೂರುವ ಸ್ಕ್ರೂ ತೂತುಗಳು ಆರ್ಕೇಡ್ ಭಾಗಗಳನ್ನು ಮಾಡುವ ಜಪಾನಿನ ಸಾನ್ವಾ ಕಂಪನಿಯ ಅಳತೆಗೆ ಸರಿಯಾಗಿವೆ, ಬಟನ್ ತೂತು 30 ಮಿ.ಮೀ. ನಕಲು ಮಾಡಿದವರು ಅಳತೆಯನ್ನಾದರೂ ನಿಯತ್ತಾಗಿ ನಕಲು ಮಾಡಿದ್ದಾರೆ. ಇದು ಸ್ಟಿಕ್ ಅಲ್ಲ, ಸ್ಟಿಕ್ ಮಾಡಿಕೊಳ್ಳಲು ಒಂದು ಒಳ್ಳೆಯ ಡಬ್ಬಿ. ಹಾಗಂತ ಹೇಳಿ ಮಾರಿದ್ದರೆ ತಕರಾರೇ ಇರಲಿಲ್ಲ.

ಸಾನ್ವಾ ಜೆಎಲ್‌ಎಫ್-ಟಿಪಿ-8ವೈಟಿ ಲೀವರ್ ಅಮೆರಿಕದಿಂದ ಬಂದ ಭಾವಮೈದುನನ ಸೂಟ್‌ಕೇಸಿನಲ್ಲಿ ಬಂತು. ಅಂಚೆಯಲ್ಲಿ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಲೀವರ್ ಬೆಲೆಗಿಂತ ಜಾಸ್ತಿ ಆಗುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ, ಐದು ಪಿನ್ನಿನ ಪ್ಲಗ್ ಚುಚ್ಚಿದರೆ ಮುಗಿಯಿತು. ನಾಲ್ಕು ದಿಕ್ಕಿಗೆ ನಾಲ್ಕು ವೈರ್, ಐದನೆಯದು ಗ್ರೌಂಡ್. ಮೇಲೆ ತಳ್ಳಿದರೆ ಎಡಕ್ಕೆ ಹೋಗುತ್ತಿದ್ದರೆ ಗಾಬರಿಯಾಗಬೇಡಿ, ಲೀವರನ್ನು ಕಾಲು ಸುತ್ತು ತಿರುಗಿಸಿ ಕೂರಿಸಿ. ಪರೀಕ್ಷೆ ಮಾಡುವಾಗ ಒಂದು ನೆನಪಿರಲಿ. ಹಿಡಿಯನ್ನು ಮುಂದಕ್ಕೆ ತಳ್ಳಿದಾಗ ಕಂಬಿಯ ಕೆಳತುದಿ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಒತ್ತುವುದು ಎದುರು ಬದಿಯ ಸ್ವಿಚ್.

ಇದರ ಗೇಟ್ ಚೌಕ. ಗೇಟ್ ಅಂದರೆ ಕಂಬಿ ಎಲ್ಲಿಯವರೆಗೆ ಓಡಾಡಬಹುದು ಅಂತ ತಡೆಯುವ ತಳದ ಪ್ಲಾಸ್ಟಿಕ್ ತಟ್ಟೆ. ಎಂಟು ಮೂಲೆಯದ್ದೇ ಬೇಕು ಅನ್ನುವವರು ಬಹಳ ಜನ, ಅದಕ್ಕೆ ಬೇರೆ ತಟ್ಟೆ ಸಿಗುತ್ತದೆ. ನನಗೆ ಚೌಕವೇ ಸರಿ. ಮೂಲೆಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ, ಹಡೂಕೆನ್‌ಗೆ ಕಣ್ಣೇ ಬೇಡ. ಪ್ಯಾಕ್‌ಮ್ಯಾನ್ ಆಡುವಾಗ ಮಾತ್ರ ರಗಳೆ. 1980ರ ಆ ಗೇಮ್‌ಗೆ ನಾಲ್ಕೇ ದಿಕ್ಕು, ಮೂಲೆಗೆ ಹೋದರೆ ಅದು ಗಲಿಬಿಲಿಗೊಳ್ಳುತ್ತದೆ. ಗೇಟನ್ನು 45 ಡಿಗ್ರಿ ತಿರುಗಿಸಿದರೆ ಮೂಲೆಗಳು ಮುಚ್ಚಿಹೋಗುತ್ತವೆ. ಆದರೆ ಅದಕ್ಕೆ ಪ್ರತಿ ಸಲ ಡಬ್ಬಿಯ ತಳ ಬಿಚ್ಚಬೇಕು. ಪ್ಯಾಕ್‌ಮ್ಯಾನ್ ನನ್ನ ಹೆಂಡತಿಗೆ ಇಷ್ಟ, ಹಾಗಾಗಿ ಬಿಚ್ಚುತ್ತೇನೆ.

ಬಿಚ್ಚುವುದೇ ಒಂದು ಖುಷಿ ಅಂತ ಗೊತ್ತಾಗಿದ್ದು ಆಮೇಲೆ. ಕೆಲವು ತಿಂಗಳಿಗೊಮ್ಮೆ, ಭಾನುವಾರ ತಿಂಡಿ ಆದ ಮೇಲೆ, ಹಳೇ ಟವೆಲ್ ಹಾಸಿ ಡಬ್ಬಿಯನ್ನು ಬೋರಲು ಮಲಗಿಸುತ್ತೇನೆ. ಕಂಬಿಯ ತಳದ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದುಕೊಂಡು ಮೇಲಿನ ಗುಂಡನ್ನು ತಿರುಗಿಸಿ ತೆಗೆಯಬೇಕು. ಆಮೇಲೆ ಇ-ಕ್ಲಿಪ್. ಈ ಚಿಕ್ಕ ಲೋಹದ ಕ್ಲಿಪ್ ಒತ್ತಡ ಬಿಟ್ಟ ಕೂಡಲೇ ಮಿಡತೆಯ ಹಾಗೆ ಹಾರುತ್ತದೆ, ಸೋಫಾ ಕೆಳಗೆ ಹೋದರೆ ಮುಗಿಯಿತು. ಲೀವರನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗಿಟ್ಟು ತೆಗೆದರೆ ಹಾರಿದರೂ ಕವರಿನಲ್ಲೇ ಇರುತ್ತದೆ. ಒಳಗಿನ ಹಳೇ ಗ್ರೀಸ್ ಧೂಳು ಸೇರಿ ಕಪ್ಪಾಗಿರುತ್ತದೆ, ಒರೆಸಬೇಕು. ಹಾರ್ಡ್‌ವೇರ್ ಅಂಗಡಿಯ ಹಳದಿ ಬೇರಿಂಗ್ ಗ್ರೀಸ್ ಹಚ್ಚಬೇಡಿ, ಪೆಟ್ರೋಲಿಯಂ ಗ್ರೀಸ್ ಕೆಲವು ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ. ಸಿಲಿಕೋನ್ ಗ್ರೀಸ್ ಬೇಕು. ನೀರಿನ ಆರ್‌ಓ ಸರ್ವಿಸ್‌ಗೆ ಬರುವವರು ಫಿಲ್ಟರ್ ರಿಂಗಿಗೆ ಹಚ್ಚುವುದು ಅದನ್ನೇ. ನಾನು ಅವರ ಹತ್ತಿರವೇ ಸ್ವಲ್ಪ ಇಸ್ಕೊಂಡೆ. ಕಾಳಿನಷ್ಟು ಸಾಕು. ಮತ್ತೆ ಜೋಡಿಸಿ ಲೀವರನ್ನು ಒಂದು ಸುತ್ತು ತಿರುಗಿಸಿದಾಗ ಬರುವ ಆ ನುಣುಪಿಗಾಗಿ ಒಂದು ಗಂಟೆ ಕಳೆಯಬಹುದು.

ಬಟನ್‌ಗಳಲ್ಲಿ ಎರಡನ್ನು ಮಾತ್ರ ಸಾನ್ವಾ ಓಬಿಎಸ್‌ಎಫ್-30ಕ್ಕೆ ಬದಲಿಸಿದೆ. ಮುಸ್ತಫಾಗೆ ಬೇಕಿರುವುದು ಹೊಡೆಯಲು ಒಂದು, ಹಾರಲು ಒಂದು. ಉಳಿದ ಆರಕ್ಕೆ ಯಾಕೆ ದುಡ್ಡು ಸುರಿಯಬೇಕು? ಎರಡು ಕೆಂಪು, ಆರು ಕಪ್ಪು, ನೋಡಲು ಚೆನ್ನಾಗಿಲ್ಲ, ನಿಜ. ಕೊಳ್ಳುವ ಮುಂಚೆ ಪಿನ್ ಅಗಲ ನೋಡಿಕೊಳ್ಳಿ. ಜಪಾನಿ ಬಟನ್‌ಗೆ 2.8 ಮಿ.ಮೀ. ಕನೆಕ್ಟರ್, ಅಮೆರಿಕದ ಮಾದರಿಯ ಬಟನ್‌ಗಳಿಗೆ ಸಾಮಾನ್ಯವಾಗಿ 4.8.

ಒಳಗಿನ ಯುಎಸ್‌ಬಿ ಬೋರ್ಡನ್ನೂ ಕಿತ್ತು ಹಾಕಿದೆ. ಅದರ ಜಾಗದಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದ ರಾಸ್ಪ್‌ಬೆರಿ ಪೈ ಪಿಕೋ ಅನ್ನುವ ಪುಟ್ಟ ಬೋರ್ಡ್ ಇದೆ, ₹400ರ ಒಳಗೆ ಸಿಕ್ಕಿತು. ಜಿಪಿ2040-ಸಿಇ ಅನ್ನುವ, ಪಿಕೋವನ್ನು ಗೇಮ್ ಕಂಟ್ರೋಲರ್ ಮಾಡುವ ಉಚಿತ ಫರ್ಮ್‌ವೇರ್ ಇಳಿಸಿಕೊಂಡು, ಪಿಕೋ ಮೇಲಿನ ಬಿಳಿ ಬಟನ್ ಒತ್ತಿ ಹಿಡಿದು ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಫೈಲನ್ನು ಅದರೊಳಗೆ ಎಳೆದು ಬಿಟ್ಟರೆ ಆಯಿತು. ಪ್ರತಿ ಬಟನ್‌ನಿಂದ ಒಂದು ವೈರ್ ಅದರದ್ದೇ ಪಿನ್ನಿಗೆ, ಇನ್ನೊಂದು ಎಲ್ಲದಕ್ಕೂ ಸೇರಿದ ಗ್ರೌಂಡಿಗೆ. ರೆಸಿಸ್ಟರ್ ಕೂಡ ಬೇಡ. ಬೆಸುಗೆ ಬಾರದವರಿಗೆ ಈ ಭಾಗ ಕಷ್ಟ, ಅವರು ಹಳೇ ಬೋರ್ಡಿನಲ್ಲೇ ಆಡಲಿ, ಆಕಾಶವೇನೂ ಬೀಳಲ್ಲ. ಲೀವರ್ ಬದಲಿಸಿದಾಗ ಆದ ವ್ಯತ್ಯಾಸದ ಮುಂದೆ ಇದು ಏನೇನೂ ಅಲ್ಲ.

ಇನ್ನು ಸದ್ದು. ಪ್ಲಾಸ್ಟಿಕ್ ಡಬ್ಬಿ ಟೊಳ್ಳು, ರಾತ್ರಿ ಹತ್ತರ ಮೇಲೆ ಬಟನ್ ಸದ್ದು ಪಕ್ಕದ ರೂಮಿಗೆ ಕೇಳುತ್ತಿತ್ತು. ಹಗುರ ಬೇರೆ, ಜೋರಾಗಿ ಆಡಿದರೆ ಮೇಜಿನ ಮೇಲೆ ಜಾರುತ್ತಿತ್ತು. ಎರಡಕ್ಕೂ ಒಂದೇ ಮದ್ದು ಸಿಕ್ಕಿತು: ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದ ಕಡಪ ಕಲ್ಲಿನ ತುಂಡು. ಅಳತೆಗೆ ಕತ್ತರಿಸಿ, ಕೆಳಗೆ ಫೋಮ್ ಹಾಸಿ, ಡಬ್ಬಿಯೊಳಗೆ ಗಟ್ಟಿಯಾಗಿ ಅಂಟಿಸಿದೆ. ಈಗ ಜಾರುವುದಿಲ್ಲ, ಸದ್ದೂ ಮೆತ್ತಗಾಗಿದೆ. ತೊಡೆಯ ಮೇಲಿಟ್ಟುಕೊಂಡು ಆಡುವವರು ಇದನ್ನು ಮಾಡಬೇಡಿ, ಕಾಲು ಜೋಮು ಹಿಡಿಯುತ್ತದೆ.

ದುಡ್ಡಿನ ಮಾತು. ಎಲ್ಲ ಸೇರಿಸಿದರೆ ಡಬ್ಬಿಯ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ ಒಳಗೆ ಹೋಗಿದೆ. ಒಟ್ಟಿಗೆ ಅಷ್ಟು ಕೊಡುವ ಶಕ್ತಿ ಇದ್ದರೆ ಸಾನ್ವಾ ಭಾಗಗಳೇ ಇರುವ ರೆಡಿ ಸ್ಟಿಕ್ ತಗೊಳ್ಳಿ, ತಲೆನೋವಿಲ್ಲ. ನನಗೆ ಇರಲಿಲ್ಲ. ಒಂದು ಬೋನಸ್‌ಗೆ ಲೀವರ್, ಇನ್ನೊಂದು ಹಬ್ಬಕ್ಕೆ ಬಟನ್ ಅಂತ ಕಂತಿನಲ್ಲಿ ಹಾಕಿಸಿಕೊಳ್ಳಲು ಈ ಡಬ್ಬಿ ಹೇಳಿ ಮಾಡಿಸಿದ್ದು. ಬಿಚ್ಚುವ ಆಸೆ ಇಲ್ಲದವರು ಮಾತ್ರ ಇದರ ತಂಟೆಗೆ ಬರಬೇಡಿ.

ಒಂದು ದೂರು ಇನ್ನೂ ಬಾಕಿ ಇದೆ. ತಳದ ರಬ್ಬರ್ ಕಾಲುಗಳು ನಿಲ್ಲುವುದೇ ಇಲ್ಲ, ಕಲ್ಲು ಹಾಕಿದ ಮೇಲಂತೂ ವಾರಕ್ಕೊಂದು ಕಳಚುತ್ತಿತ್ತು. ಸದ್ಯಕ್ಕೆ ಪ್ಲಾಸ್ಟಿಕ್ ಕುರ್ಚಿಯ ಕಾಲಿಗೆ ಹಾಕುವ ಬುಷ್ ಕತ್ತರಿಸಿ ಸ್ಕ್ರೂ ಹೊಡೆದಿದ್ದೇನೆ. ಒಂದು ಸ್ವಲ್ಪ ಎತ್ತರ ಜಾಸ್ತಿಯಾಗಿ ಡಬ್ಬಿ ಕುಂಟುತ್ತಿದೆ, ಈ ಭಾನುವಾರ ಉಜ್ಜಬೇಕು.