ದಾವಣಗೆರೆಯಿಂದ ಹೊರರಾಜ್ಯಕ್ಕೆ ನರ್ಸಿಂಗ್ ನೋಂದಣಿ: ಎನ್‌ಒಸಿ ಸೇವೆ ಹೇಗಿದೆ, ಫೈಲು ಎಲ್ಲಿ ನಿಲ್ಲುತ್ತದೆ

ಇಲ್ಲಿ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಅಂದರೆ ಹೆರಿಗೆ ಶುಶ್ರೂಷೆಯೂ ಸೇರಿದ ಡಿಪ್ಲೊಮಾ) ಅಥವಾ ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಹೈದರಾಬಾದ್, ಪುಣೆ, ಗೋವಾ ಕಡೆ ಹೊರಡುವವರು ಕೇಳುವುದು ಒಂದೇ ಮಾತು: ಕರ್ನಾಟಕದ ನೋಂದಣಿಯನ್ನು ಅಲ್ಲಿಗೆ ವರ್ಗಾಯಿಸುವ ಕೆಲಸ ನಾವೇ ಮಾಡಬಹುದೋ, ಏಜೆಂಟರ ಕೈಗೆ ಕೊಡಬೇಕೋ? ನೀವೇ ಮಾಡಿ. ಇದಕ್ಕೆ ಬೇಕಾದ ಎನ್‌ಒಸಿ, ಅಂದರೆ ನಮ್ಮ ಕೌನ್ಸಿಲ್ ಕೊಡುವ ನಿರಾಕ್ಷೇಪಣಾ ಪತ್ರದ ಸೇವೆ, ಅಭ್ಯರ್ಥಿ ತಾನೇ ಮುಗಿಸಬಹುದಾದಂಥದ್ದೇ. ತಡ ಆಗುವುದಕ್ಕೆ ಮುಖ್ಯ ಕಾರಣ ದಾವಣಗೆರೆ ಬಿಡುವ ಮೊದಲೇ ಸರಿಮಾಡಿಕೊಳ್ಳದ ಕಾಗದಗಳು, ಅದರಲ್ಲೂ ಹೆಸರು.

ಕಾನೂನು ನಿಮ್ಮ ಪರವಾಗಿದೆ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ 11ನೇ ಕಲಮಿನ ಪ್ರಕಾರ, ಮಾನ್ಯ ವಿದ್ಯಾರ್ಹತೆಯೊಂದು ಯಾವುದೇ ರಾಜ್ಯದ ರಿಜಿಸ್ಟರಿಗೆ ಹೆಸರು ಸೇರಿಸಲು ಸಾಕು. ಆದರೆ ರಿಜಿಸ್ಟರು ಆಯಾ ರಾಜ್ಯದ್ದು. ನಮ್ಮದನ್ನು ಇಟ್ಟಿರುವುದು 1961ರ ಕರ್ನಾಟಕ ಕಾಯ್ದೆಯಡಿ ಬೆಂಗಳೂರಿನಲ್ಲಿರುವ ರಾಜ್ಯ ನರ್ಸಿಂಗ್ ಕೌನ್ಸಿಲ್. ಹಾಗಾಗಿ ಹೊರರಾಜ್ಯದ ಗುಮಾಸ್ತರಿಗೆ ಬೇಕಾದ್ದು ನೀವು ನೀವೇ, ನಿಮ್ಮ ಸರ್ಟಿಫಿಕೇಟ್ ನಿಮ್ಮದೇ ಅನ್ನುವ ಖಾತ್ರಿ. ಅವರು ನಿಮ್ಮ ಮುಖ ನೋಡಿಲ್ಲ, ಕಾಗದವನ್ನಷ್ಟೇ ನೋಡುತ್ತಾರೆ.

ಅರ್ಜಿ ಹಾಕುವ ಮೊದಲು ವರ್ಗಾವಣೆ ನಿಜಕ್ಕೂ ಬೇಕೇ ನೋಡಿ. ಏಮ್ಸ್‌ನ ನರ್ಸಿಂಗ್ ಅಧಿಕಾರಿ ನೇಮಕಾತಿ ಪರೀಕ್ಷೆಯಾದ ನಾರ್ಸೆಟ್‌ಗೆ ಯಾವುದಾದರೂ ರಾಜ್ಯ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಆಗಿ ನೋಂದಣಿ ಇದ್ದರೆ ಸಾಕು, ಕರ್ನಾಟಕದ್ದೇ ನಡೆಯುತ್ತದೆ. ಅದಕ್ಕೆಂದು ಮುಂಚೆಯೇ ಎನ್‌ಒಸಿ ತೆಗೆಸುವುದು ದಂಡ. ಅಲ್ಲಿ ಜಿಎನ್‌ಎಂ ಆದವರು ಗಮನಿಸಬೇಕಾದ್ದು ಬೇರೆ: ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಅನುಭವ ಪತ್ರದಲ್ಲಿ ಹಾಸಿಗೆ ಸಂಖ್ಯೆ, ಸೇರಿದ ಮತ್ತು ಬಿಟ್ಟ ತಾರೀಖು ಬರೆಸಿಕೊಳ್ಳದೆ ಕೆಲಸ ಬಿಟ್ಟರೆ ಆಮೇಲೆ ಆ ಪತ್ರ ಹುಟ್ಟಿಸುವುದು ಕಷ್ಟ. ಬೇರೆ ರಾಜ್ಯದ ಸರ್ಕಾರಿ ನೇಮಕಾತಿಗೋ, ಅಲ್ಲಿನ ಖಾಸಗಿ ಆಸ್ಪತ್ರೆಯ ಕಾಯಂ ಹುದ್ದೆಗೋ ಹೊರಟವರಿಗೆ ಮಾತ್ರ ಅಲ್ಲಿನ ಕೌನ್ಸಿಲ್‌ನ ನಂಬರು ಬೇಕಾಗುವುದೇ ಹೆಚ್ಚು.

ಬೇಕು ಅಂತಾದರೆ ಮೊದಲು ತೆರೆಯಬೇಕಾದ್ದು ಹೋಗುವ ರಾಜ್ಯದ ಕೌನ್ಸಿಲ್ ಕೇಳುವ ಕಾಗದಗಳ ಪಟ್ಟಿಯನ್ನು. ಬಹಳ ಜನ ಉಲ್ಟಾ ಮಾಡುತ್ತಾರೆ: ಬೆಂಗಳೂರಿನಿಂದ ಒಂದು ಪತ್ರ ತರುತ್ತಾರೆ, ಅಲ್ಲಿಗೆ ಹೋದ ಮೇಲೆ ಕೇಳಿದ್ದು ಇನ್ನೊಂದು ಪತ್ರ ಎಂದು ತಿಳಿಯುತ್ತದೆ. ಎನ್‌ಒಸಿ, ಗುಡ್ ಸ್ಟ್ಯಾಂಡಿಂಗ್, ವೆರಿಫಿಕೇಷನ್ ಮೂರೂ ಬೇರೆ ಬೇರೆ. ಎನ್‌ಒಸಿ ಅಂದರೆ ಇವರು ನಿಮ್ಮಲ್ಲಿ ನೋಂದಾಯಿಸಿಕೊಳ್ಳಲು ನಮ್ಮ ಅಡ್ಡಿಯಿಲ್ಲ ಎಂಬ ಪತ್ರ. ಗುಡ್ ಸ್ಟ್ಯಾಂಡಿಂಗ್ ಅಂದರೆ ಇವರ ಮೇಲೆ ಶಿಸ್ತುಕ್ರಮ ಇಲ್ಲ ಎಂಬ ಮಾತು. ವೆರಿಫಿಕೇಷನ್ ಅಂದರೆ ನಿಮ್ಮ ನೋಂದಣಿ ನಿಜ ಎಂಬ ದೃಢೀಕರಣ, ಅದು ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ನೇರವಾಗಿ ಹೋಗಬೇಕಾದ್ದು; ಅದನ್ನು ಸೀಲು ಮಾಡಿದ ಲಕೋಟೆಯಲ್ಲಿ ನಿಮ್ಮ ಕೈಗೇ ಕೊಟ್ಟರೆ ಒಡೆಯಬೇಡಿ. ಯಾವ ಪತ್ರ, ಯಾರ ಹೆಸರಿಗೆ, ಎಷ್ಟು ತಿಂಗಳ ಒಳಗಿನದು ಎಂಬುದನ್ನು ಆ ರಾಜ್ಯದ ಪಟ್ಟಿಯಿಂದ ಅಕ್ಷರಶಃ ಬರೆದುಕೊಂಡು ಆಮೇಲೆ ಇಲ್ಲಿ ಅರ್ಜಿ ಹಾಕಿ. ನಿಮ್ಮ ಕರ್ನಾಟಕ ನೋಂದಣಿಯ ಅವಧಿ ಮುಗಿದಿದ್ದರೆ ರಿನ್ಯೂವಲ್ ಮೊದಲು, ಎನ್‌ಒಸಿ ನಂತರ. ಎರಡನ್ನೂ ಒಟ್ಟಿಗೆ ತಳ್ಳಿದರೆ ಎರಡೂ ನಿಲ್ಲುತ್ತವೆ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಎನ್‌ಆರ್‌ಟಿಎಸ್ ಎಂಬ, ದೇಶದ ನರ್ಸ್‌ಗಳ ನೋಂದಣಿಯನ್ನು ಆನ್‌ಲೈನ್‌ನಲ್ಲಿ ದಾಖಲಿಸುವ ವ್ಯವಸ್ಥೆ ಈ ಸೇವೆಯ ಒಳ್ಳೆಯ ಭಾಗ. ಪ್ರತಿಯೊಬ್ಬ ನರ್ಸಿಗೂ ಎನ್‌ಯುಐಡಿ ಎಂಬ ಒಂದೇ ಗುರುತಿನ ಸಂಖ್ಯೆ, ರಾಜ್ಯ ಬದಲಾದರೂ ಅದು ಬದಲಾಗುವುದಿಲ್ಲ. ಅದು ಆಧಾರ್‌ಗೆ ಕಟ್ಟಿಕೊಂಡಿರುವುದರಿಂದ ಸುಳ್ಳು ಸರ್ಟಿಫಿಕೇಟ್ ತಂದವರು ಸಿಕ್ಕಿಬೀಳುತ್ತಾರೆ. ನಿಜವಾಗಿ ಓದಿದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಅದೇ ಕಾರಣಕ್ಕೆ ಆಧಾರ್‌ನ ಹೆಸರಿಗೂ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಒಂದಕ್ಷರ ಹೊಂದದಿದ್ದರೂ ತೊಡಕು.

ನಮ್ಮ ಕಡೆ ಹೆಸರಿನ ಗೊಂದಲ ಹುಟ್ಟುವುದೇ ಇನಿಶಿಯಲ್‌ನಿಂದ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ‘ಮಂಜುಳಾ ಎಚ್. ಬಿ.’ ಅಂತಿರುತ್ತದೆ, ಎಚ್ ಅಂದರೆ ಹರಪನಹಳ್ಳಿಯೋ ಹೊನ್ನಾಳಿಯೋ, ಬಿ ಅಂದರೆ ತಂದೆ ಬಸವರಾಜಪ್ಪ. ಆಧಾರ್‌ನಲ್ಲಿ ‘ಮಂಜುಳಾ ಬಸವರಾಜಪ್ಪ’, ಮದುವೆಯಾದ ಮೇಲೆ ಬ್ಯಾಂಕಿನಲ್ಲಿ ಗಂಡನ ಹೆಸರು. ಇಲ್ಲಿ ಯಾರಿಗೂ ಇದು ವಿಚಿತ್ರ ಅನಿಸುವುದಿಲ್ಲ. ಆದರೆ ಮಹಾರಾಷ್ಟ್ರದ ಫಾರ್ಮ್ ಅಡ್ಡಹೆಸರು, ಸ್ವಂತ ಹೆಸರು, ನಡುವಿನ ಹೆಸರು ಎಂದು ಮೂರು ಚೌಕ ಬಿಟ್ಟಿರುತ್ತದೆ; ಆಂಧ್ರ, ತೆಲಂಗಾಣದವರು ಮನೆತನದ ಹೆಸರನ್ನು ಮುಂದೆ ಹಾಕುತ್ತಾರೆ. ನಮ್ಮ ‘ಎಚ್. ಬಿ.’ ಅವರಿಗೆ ಅರ್ಥವಾಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಹೆಸರನ್ನೇ ಮೂಲವಾಗಿ ಇಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಹೊಂದುವಂತೆ ತಿದ್ದಿಸಿ. ಮಾರ್ಕ್ಸ್ ಕಾರ್ಡುಗಳನ್ನು ತಿದ್ದಿಸುವುದಕ್ಕಿಂತ ಇದು ಎಷ್ಟೋ ಸುಲಭ. ಇನಿಶಿಯಲ್ ಬಿಡಿಸಿ ಬರೆದಿರುವಷ್ಟೇ ವ್ಯತ್ಯಾಸವಾದರೆ ಇ-ಸ್ಟಾಂಪ್ ಕಾಗದದ ಮೇಲೆ ‘ಈ ಎರಡೂ ಹೆಸರು ಒಬ್ಬರದೇ’ ಎಂಬ ಅಫಿಡವಿಟ್ ಮಾಡಿಸಿ, ಕೋರ್ಟಿನ ಹತ್ತಿರದ ನೋಟರಿಯಿಂದ ಸಹಿ ಹಾಕಿಸಿ. ಅದು ಇಂಗ್ಲಿಷಿನಲ್ಲಿರಲಿ, ಕನ್ನಡದ ಅಫಿಡವಿಟ್ ಅಲ್ಲಿ ಓದುವವರಿಲ್ಲ. ಮದುವೆಯ ನಂತರ ಹೆಸರು ಬದಲಾದವರು ವಿವಾಹ ನೋಂದಣಿ ಪತ್ರವನ್ನೂ ಸೇರಿಸಬೇಕು.

ಉಳಿದ ಕಾಗದಗಳು: ಎಸ್‌ಎಸ್‌ಎಲ್‌ಸಿ, ಪಿಯುಸಿ, ಕೋರ್ಸಿನ ಎಲ್ಲ ವರ್ಷದ ಮಾರ್ಕ್ಸ್ ಕಾರ್ಡು, ಡಿಪ್ಲೊಮಾ ಅಥವಾ ಪದವಿ ಪತ್ರ, ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ವಿವರ), ಕೌನ್ಸಿಲ್ ಸರ್ಟಿಫಿಕೇಟ್, ಆಧಾರ್, ಫೋಟೋ. ಫೇಲಾಗಿ ಮತ್ತೆ ಬರೆದ ಪರೀಕ್ಷೆಯ ಕಾರ್ಡನ್ನೂ ಬಿಡಬೇಡಿ, ಅದಿಲ್ಲದೆ ವರ್ಷಗಳ ಲೆಕ್ಕ ಕೂಡುವುದಿಲ್ಲ. ಸರ್ಟಿಫಿಕೇಟಿನ ಹಿಂಬದಿಯಲ್ಲಿ ರಿನ್ಯೂವಲ್ ಮುದ್ರೆ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಬಿ.ಎಸ್ಸಿಯವರ ಟ್ರಾನ್ಸ್‌ಕ್ರಿಪ್ಟ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಬರಬೇಕು. ಕಾಲೇಜು ಕೊಡುವ ಅಂಕಗಳ ಪಟ್ಟಿ ಅದಕ್ಕೆ ಬದಲಿಯಲ್ಲ.

ಹಳಬರು ಎರಡು ವಿಷಯ ನೋಡಿಕೊಳ್ಳಬೇಕು. ಜಿಎನ್‌ಎಂ ಈಗ 3 ವರ್ಷ. ಪಠ್ಯಕ್ರಮ ಪರಿಷ್ಕರಣೆಗೆ ಮುಂಚೆ ಇಂಟರ್ನ್‌ಶಿಪ್ ಸೇರಿ ಮೂರೂವರೆ ವರ್ಷ ಓದಿದವರು ಆ ಆರು ತಿಂಗಳ ಪತ್ರವನ್ನು ಜೊತೆಗಿಡಬೇಕು, ಇಲ್ಲದಿದ್ದರೆ ಕೋರ್ಸ್ ಪೂರ್ತಿಯಾಗಿಲ್ಲ ಅಂದುಕೊಳ್ಳುತ್ತಾರೆ. ಹಿಂದೆ ಗಂಡು ವಿದ್ಯಾರ್ಥಿಗಳು ಮಿಡ್‌ವೈಫರಿ ಬದಲು ಬೇರೆ ವಿಷಯ ಓದುತ್ತಿದ್ದರು, ಅಂಥವರ ನೋಂದಣಿ ನರ್ಸ್ ಎಂದಷ್ಟೇ ಇರಬಹುದು. ನರ್ಸ್ ಮತ್ತು ಮಿಡ್‌ವೈಫ್ ಎರಡನ್ನೂ ಕೇಳುವ ಕಡೆ ಅರ್ಜಿ ಹಾಕುವ ಮೊದಲೇ ಪತ್ರ ಬರೆದು ಕೇಳಿಕೊಳ್ಳಿ.

ಕಾಲೇಜಿನ ಮಾನ್ಯತೆಯದು ಕರ್ನಾಟಕದವರಿಗೆ ಹೆಚ್ಚಾಗಿ ಕಾಡುವ ತಲೆನೋವು. 2017ರಲ್ಲಿ ಇಲ್ಲಿನ ಹೈಕೋರ್ಟ್, ನರ್ಸಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಭಾರತೀಯ ನರ್ಸಿಂಗ್ ಕೌನ್ಸಿಲ್‌ಗೆ (ಐಎನ್‌ಸಿ) ಇಲ್ಲ ಎಂದಿತು. ಅಲ್ಲಿಂದೀಚೆಗೆ ಸೇರಿದವರಿಗೆ ಹೊರರಾಜ್ಯದಲ್ಲಿ ‘ನಿಮ್ಮ ಕಾಲೇಜು ಐಎನ್‌ಸಿ ಪಟ್ಟಿಯಲ್ಲಿದೆಯಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ನಿಮ್ಮ ಪ್ರವೇಶದ ವರ್ಷಕ್ಕೆ ಸಂಬಂಧಿಸಿದ ಸರ್ಕಾರಿ ಆದೇಶ, ರಾಜ್ಯ ಕೌನ್ಸಿಲ್‌ನ ಅನುಮತಿ, ವಿಶ್ವವಿದ್ಯಾಲಯದ ಸಂಯೋಜನೆ ಪತ್ರ, ಈ ಮೂರರ ಪ್ರತಿಯನ್ನು ಕಾಲೇಜಿನಿಂದ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ. ಬೇರೆ ವರ್ಷದ ಪ್ರತಿ ಕೊಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಊರಲ್ಲಿರುವಾಗ ಅರ್ಧ ದಿನದ ಕೆಲಸ, ಹೈದರಾಬಾದಿನಲ್ಲಿ ಕೂತು ತರಿಸುವುದು ಬಹಳ ಕಷ್ಟ.

ಏಜೆಂಟರ ವಿಷಯ. ಅವರು ಮಾಡುವುದು ಫಾರ್ಮ್ ತುಂಬುವುದು, ಬೆಂಗಳೂರಿಗೆ ಓಡಾಡುವುದು, ಇಷ್ಟೇ. ಹೆಸರಿನ ತಪ್ಪನ್ನು ಅವರೂ ಅಳಿಸಲಾರರು, ವೆರಿಫಿಕೇಷನ್ ಅನ್ನು ಅವರೂ ಓಡಿಸಲಾರರು. ದಾವಣಗೆರೆಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಕಚೇರಿಗೆ ಹೋಗಲೇಬೇಕಾದರೂ ಒಂದು ದಿನದ ಪ್ರಯಾಣ. ಕೆಲವರು ಮೂಲ ಸರ್ಟಿಫಿಕೇಟ್ ಕೇಳುತ್ತಾರೆ, ಕೊಡಲೇಬೇಡಿ. ನಿಮ್ಮ ಲಾಗಿನ್‌ಗೆ ತಮ್ಮ ಮೊಬೈಲ್ ನಂಬರು ಹಾಕಿದರೆ ಇನ್ನೂ ಕೆಟ್ಟದ್ದು: ಐದು ವರ್ಷದ ನಂತರ ರಿನ್ಯೂವಲ್‌ಗೆ ಬೇಕಾದ ಒಟಿಪಿಗೂ ಅವರ ಬಾಗಿಲಿಗೇ ಹೋಗಬೇಕು.

ಲ್ಯಾಬ್, ಓಟಿ (ಆಪರೇಷನ್ ಥಿಯೇಟರ್), ಆಂಬುಲೆನ್ಸ್ ತುರ್ತು ಸೇವೆಯವರು ಈ ದಾರಿ ಹಿಡಿಯುವಂತಿಲ್ಲ. ಅವರಿಗೆ 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬೇರೆ ಇದೆ, ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಹುದ್ದೆಯೂ ಅದರ ಪಟ್ಟಿಯಲ್ಲಿದೆ. ಆ ಕಾಯ್ದೆ ಡಿಪ್ಲೊಮಾಗೆ ಕನಿಷ್ಠ 2000 ಗಂಟೆಯ ಓದನ್ನು ಕೇಳುವುದರಿಂದ, ಕೋರ್ಸಿನ ಗಂಟೆಗಳನ್ನು ನಮೂದಿಸಿದ ಪತ್ರವನ್ನು ಕಾಲೇಜಿನಿಂದ ಈಗಲೇ ಪಡೆಯಿರಿ.

ಹೊಸ ರಾಜ್ಯದ ನಂಬರು ಕೈಗೆ ಬಂದ ದಿನವೇ ಕೇಳಬೇಕಾದ್ದು ಒಂದಿದೆ: ಕರ್ನಾಟಕದ ನೋಂದಣಿ ಉಳಿದಿದೆಯೋ, ಅಲ್ಲಿಗೆ ಪೂರ್ತಿ ವರ್ಗವಾಯಿತೋ? ನಾಳೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೇ ಹುದ್ದೆ ಕರೆದರೆ ಯಾವ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ, ಅದನ್ನು ಬರಹದಲ್ಲೇ ಪಡೆಯಿರಿ.